ಊರ ಕೆಲಸಕ್ಕೆ ಪ್ರತಿಷ್ಠಾನದ ಅನುದಾನ: ಕೇಳುವುದು ಎಲ್ಲಿ, ಹೇಗೆ?

ಹಾಸನ–ಬೇಲೂರು ರಸ್ತೆಯ ಬದಿಗಿರುವ ದೊಡ್ಡಗದ್ದವಳ್ಳಿಯ ಲಕ್ಷ್ಮೀ ದೇವಾಲಯವನ್ನು ಕಟ್ಟಿಸಿದ್ದು ಅರಸನಲ್ಲ. ವಿಷ್ಣುವರ್ಧನನ ಆಳ್ವಿಕೆಯಲ್ಲಿ, 12ನೇ ಶತಮಾನದ ಆರಂಭದಲ್ಲಿ, ವರ್ತಕ ಕುಲ್ಲಹಣ ರಾಹುತ ಮತ್ತು ಅವನ ಪತ್ನಿ ಸಹಜಾದೇವಿ ಕಟ್ಟಿಸಿದರು. ಊರಿಗಾಗಿ ಕೊಡುವ ಆ ರೂಢಿ ಇಂದು ಟ್ರಸ್ಟುಗಳ ಅನುದಾನವಾಗಿ, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣವಾಗಿ ಮುಂದುವರಿದಿದೆ. ಅದನ್ನು ಪಡೆಯಬೇಕಾದರೆ ಮೊದಲು ತಿಳಿಯಬೇಕಾದದ್ದು ಒಂದೇ: ಕೆಲಸ ನಡೆಯುವ ಜಾಗ ಯಾರ ಸುಪರ್ದಿಯಲ್ಲಿದೆ?

ಕೆರೆ

40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಯದು. ಚಿಕ್ಕ ಕೆರೆಗಳು ಪಂಚಾಯತ್ ಸಂಸ್ಥೆಗಳವು. ಅವರ ಒಪ್ಪಿಗೆಯಿಲ್ಲದೆ ಹೂಳೆತ್ತುವಂತಿಲ್ಲ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ ಕಾರ್ಯಕ್ರಮದ ಕ್ರಮ ಗಮನಿಸಿ: ಮೊದಲು ಊರವರದೇ ಕೆರೆ ಸಮಿತಿ. ಹೂಳೆತ್ತುವ ಯಂತ್ರದ ವೆಚ್ಚಕ್ಕೆ ಅನುದಾನ. ಮಣ್ಣನ್ನು ರೈತರು ತಮ್ಮ ಖರ್ಚಿನಲ್ಲೇ ಹೊಲಕ್ಕೆ ಸಾಗಿಸಿಕೊಳ್ಳುತ್ತಾರೆ. ಹೀಗೆ ಪಾಲು ಹಾಕಿದ ಊರು ಮುಂದೆ ಏರಿ, ತೂಬು, ಕೋಡಿಗಳ ಮೇಲೂ ಕಣ್ಣಿಡುತ್ತದೆ.

ದೇಗುಲ

1991ರಲ್ಲಿ ಆರಂಭವಾದ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್, ಸರ್ಕಾರ ಮತ್ತು ಊರವರ ಜೊತೆ ವೆಚ್ಚ ಹಂಚಿಕೊಂಡು ಹಳೆಯ ದೇಗುಲಗಳನ್ನು ಜೀರ್ಣೋದ್ಧಾರ ಮಾಡುತ್ತ ಬಂದಿದೆ. ಆದರೆ ದೊಡ್ಡಗದ್ದವಳ್ಳಿಯದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅಲ್ಲಿ ದಾನಿಗಳು ನೇರವಾಗಿ ಕೆಲಸ ಮಾಡಿಸುವಂತಿಲ್ಲ. 1996ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಕೃತಿ ನಿಧಿಯ ಮೂಲಕ ಕೊಡಬಹುದು. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಈ ಪರಿಧಿಯೊಳಗೆ ಸಮುದಾಯ ಭವನವೋ ಅಂಗನವಾಡಿಯೋ ಬೇಕೆಂದು ಅರ್ಜಿ ಹಾಕುವ ಮೊದಲೇ ನಿಯಮ ವಿಚಾರಿಸಿ.

ಶಾಲೆ, ಕುಡಿಯುವ ನೀರು, ಶೌಚಾಲಯ

ಇವಕ್ಕೆ ಸಿಎಸ್‌ಆರ್ ಹಣ ಹೊಂದುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಮ್ಮ ಕಾರ್ಯಕ್ಷೇತ್ರದ ಸುತ್ತಲಿನ ಊರುಗಳಿಗೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಹಾಗಾಗಿ ಜಿಲ್ಲೆಯ ಕೈಗಾರಿಕೆಗಳನ್ನೇ ಮೊದಲು ಕೇಳಿ. ಈ ಹಣವನ್ನು ಪಡೆದು ಕೆಲಸ ಮಾಡಿಸುವ ಟ್ರಸ್ಟ್ ಅಥವಾ ಸಂಘಕ್ಕೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿಯ ಜೊತೆಗೆ, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿಯೂ ಬೇಕು. ಹೊಸದಾಗಿ ಸಂಘ ಕಟ್ಟುವುದಕ್ಕಿಂತ ಅನುಭವವಿರುವ ಸಂಸ್ಥೆಯೊಂದರ ಜೊತೆ ಸೇರುವುದು ಸುಲಭ.

ಅರ್ಜಿಯ ಜೊತೆ ಏನಿರಬೇಕು?

- ಗ್ರಾಮಸಭೆಯಲ್ಲಿ ಚರ್ಚಿಸಿದ ನಡಾವಳಿ, ಪಂಚಾಯಿತಿ ಠರಾವು
- ಜಾಗದ ಪಹಣಿ, ಸಂಬಂಧಪಟ್ಟ ಇಲಾಖೆಯ ಒಪ್ಪಿಗೆ ಪತ್ರ
- ಎಂಜಿನಿಯರ್ ಸಿದ್ಧಪಡಿಸಿದ ಅಂದಾಜು ಪಟ್ಟಿ, ಈಗಿನ ಸ್ಥಿತಿಯ ಫೋಟೊ
- ಊರಿನ ಪಾಲು ಎಷ್ಟು: ಹಣ, ಸಾಮಗ್ರಿ ಅಥವಾ ಶ್ರಮದಾನ
- ಕೆಲಸ ಮುಗಿದ ಮೇಲೆ ನಿರ್ವಹಣೆ ಯಾರದು ಎಂಬ ಬರಹ

ಅನುದಾನ ಸಾಮಾನ್ಯವಾಗಿ ಕಂತುಗಳಲ್ಲಿ ಬರುತ್ತದೆ. ಮೊದಲ ಕಂತಿನ ಬಿಲ್ಲು, ಫೋಟೊ, ಹಣ ಬಳಕೆ ಪ್ರಮಾಣಪತ್ರ ಕೊಟ್ಟರೆ ಮುಂದಿನದು. ಲೆಕ್ಕವನ್ನು ದಾನಿಗೆ ಒಪ್ಪಿಸಿದರಷ್ಟೇ ಸಾಲದು, ಪಂಚಾಯಿತಿ ಫಲಕದಲ್ಲೂ ಹಾಕಿ. ಊರವರಿಗೆ ನಂಬಿಕೆ ಬಂದರೆ ಮುಂದಿನ ಕೆಲಸಕ್ಕೆ ಕೈಗಳೂ ಹೆಚ್ಚುತ್ತವೆ. ಬರುವ ಗ್ರಾಮಸಭೆಯಲ್ಲಿ ಹತ್ತು ಬೇಡಿಕೆ ಇಡುವ ಬದಲು, ಎಲ್ಲರೂ ಒಪ್ಪುವ ಒಂದು ಕೆಲಸ ಆರಿಸಿ, ಅದರ ದಾಖಲೆ ಹೊಂದಿಸಲು ತೊಡಗಿ.