ಹಿತ್ತಲ ಕೋಳಿಗೂಡು: ಎಲ್ಲವೂ ತೂತಿನ ಲೆಕ್ಕ

ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕಲು ಹೊರಟವರು ಮೊದಲು ವಿಚಾರಿಸುವುದು ತಳಿಯನ್ನು: ನಾಟಿಯೋ, ಗಿರಿರಾಜವೋ, ಸ್ವರ್ಣಧಾರವೋ. ಗೂಡಿನ ಮಾತು ಬರುವುದು ಕೊನೆಗೆ. ಆಗಲೂ ಮನೆ ಕಟ್ಟಿ ಉಳಿದ ಹಲಗೆ, ಹಳೆಯ ತಗಡು, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಆರು ಮೂಲೆ ಕಣ್ಣಿನ ತೆಳು ಬಲೆ, ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಆ ಬಲೆ ಕೋಳಿಯನ್ನು ಒಳಗೆ ನಿಲ್ಲಿಸುತ್ತದೆ, ನಿಜ. ಆದರೆ ಹಸಿದ ನಾಯಿ ಅದನ್ನು ಹಲ್ಲಿನಿಂದಲೇ ಹರಿಯಬಲ್ಲದು. ಮರಿಗಳ ವಾಸನೆ ಹಿಡಿದು ಬಂದ ಹಾವಿಗೆ ಅದರ ಕಣ್ಣುಗಳೇ ಬಾಗಿಲು. ಗೂಡಿನ ಭದ್ರತೆಯನ್ನು ಗೋಡೆಯ ದಪ್ಪದಿಂದ ಅಳೆಯುವ ರೂಢಿ ನಮ್ಮದು. ಒಳಬರುವ ಪ್ರಾಣಿಗೆ ಬೇಕಾದದ್ದು ಒಂದು ತೂತು ಮಾತ್ರ. ಹಾಗಾಗಿ ಅಳೆಯಬೇಕಾದದ್ದೂ ಅದನ್ನೇ.

ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣದು ಎಂಬಲ್ಲಿಂದ ಈ ಲೆಕ್ಕ ಶುರುವಾಗಬೇಕು. ಅದರ ಮೂಲಪುರುಷನಾದ ಕೆಂಪು ಕಾಡುಕೋಳಿ ಕೊಂಬೆಯೇರಿ ಅಲುಗದೆ ಕೂತೇ ರಾತ್ರಿ ಕಳೆಯುತ್ತದೆ. ಸಾಕುಕೋಳಿಗೂ ಅದೇ ಸ್ವಭಾವ: ಹಗಲು ರೆಕ್ಕೆ ಬಡಿದು ಪಾರಾಗುವ ಹೇಂಟೆ ಇರುಳಲ್ಲಿ, ಒಳನುಗ್ಗಿದ ಪ್ರಾಣಿ ಪಕ್ಕದ ಕೋಳಿಯ ಕುತ್ತಿಗೆ ಹಿಡಿದರೂ ಓಡಲಾರದು. ಪುನುಗುಬೆಕ್ಕು ನುಗ್ಗಿದ ಗೂಡಿನಲ್ಲಿ ಒಂದೇ ರಾತ್ರಿ ಹಲವು ಕೋಳಿ ಸಾಯುವುದು ಇದರಿಂದಲೇ. ‘ಹಿಂದೆಲ್ಲ ನಾಟಿ ಕೋಳಿ ಹಲಸಿನ ಮರವೇರಿ ಮಲಗುತ್ತಿರಲಿಲ್ಲವೇ, ಗೂಡಿನ ಗೋಜೇಕೆ’ ಎನ್ನುವವರಿದ್ದಾರೆ. ಮಲಗುತ್ತಿತ್ತು, ಮರ ಹತ್ತುವ ಬೆಕ್ಕಿಗೆ ಸಿಕ್ಕಿ ಕಡಿಮೆಯೂ ಆಗುತ್ತಿತ್ತು. ಆ ನಷ್ಟ ಕಣ್ಣಿಗೆ ಕಾಣದಿದ್ದುದು ಹೇಂಟೆ ತಾನೇ ಕಾವಿಗೆ ಕೂತು ತುಂಬಿಕೊಡುತ್ತಿದ್ದುದರಿಂದ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜದಂಥ ದಪ್ಪ ಮೈಯ ತಳಿಗೆ ಮರವೂ ದೂರ, ಕಾವಿನ ಗೊಡವೆಯೂ ಕಡಿಮೆ. ಹೋದ ಕೋಳಿಯ ಜಾಗಕ್ಕೆ ಮತ್ತೆ ದುಡ್ಡು ಕೊಟ್ಟು ಮರಿ ತರಬೇಕು.

ಆದ್ದರಿಂದ ರಾತ್ರಿಯ ಗೂಡಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಅಂದರೆ ಬೆಸೆದ ತಂತಿಬಲೆ, ಬೇಕು. ಕಿಟಕಿಗೆ, ಸೂರಿನಡಿಯ ಸಂದಿಗೆ, ಹಲಗೆಯ ನೆಲವಾದರೆ ಅದರ ಕೆಳಗೂ. ಗೂಡನ್ನು ನೆಲದಿಂದ ಎರಡು ಅಡಿ ಎತ್ತರಿಸಿದರೆ ಹೆಗ್ಗಣಕ್ಕೆ ಅಡಗಲು ಜಾಗ ಉಳಿಯದು, ಮಳೆನೀರೂ ಒಳಬಾರದು. ಚೆಲ್ಲಿದ ಕಾಳು ಇಲಿಯನ್ನು ಕರೆಯುತ್ತದೆ, ಇಲಿಯ ಹಿಂದೆ ಕೇರೆ ಹಾವು ಬರುತ್ತದೆ. ಸಂಜೆ ಮೇವಿನ ತಟ್ಟೆ ಎತ್ತಿಡುವುದೂ ಗೂಡು ಕಟ್ಟುವ ಕೆಲಸದ ಭಾಗವೇ. ಇನ್ನು ಹಗಲಿನ ಅಂಗಳದ ಮಾತು. ಅಲ್ಲಿಯ ಕಳ್ಳ ಮುಂಗುಸಿ, ಅದು ಹಗಲು ಸಂಚಾರಿ. ಬೇಲಿಯ ಬುಡಕ್ಕೆ ಬಂದು, ಅಲ್ಲೇ ಕೆರೆಯುತ್ತದೆ. ಬುಡದಿಂದ ಹೊರಮುಖವಾಗಿ ಒಂದೂವರೆ ಅಡಿ ಬಲೆಯನ್ನು ಮಲಗಿಸಿ ಮೇಲೆ ಮಣ್ಣು ಹಾಕಿದರೆ, ಕೆರೆದಷ್ಟೂ ತಂತಿಯೇ ಸಿಗುತ್ತದೆ. ಎರಡು ಹೆಜ್ಜೆ ಹಿಂದೆ ಹೋಗಿ ತೋಡುವ ಯೋಚನೆ ಸಾಮಾನ್ಯವಾಗಿ ಅದಕ್ಕೆ ಬಾರದು. ಹದ್ದಿನಿಂದ ಕಾಯಲು ಮೇಲೂ ಬಲೆ ಬೇಕು. ಉರುಳು, ವಿಷ ಎಂದು ಸುಲಭದ ದಾರಿ ಹುಡುಕುವವರು ನೆನಪಿಡಬೇಕು: ಮುಂಗುಸಿ, ಪುನುಗುಬೆಕ್ಕು ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.

ಹೀಗೆಂದು ಹೆದರಿ ಎಲ್ಲ ಸಂದಿಯನ್ನೂ ತಗಡು, ಗೋಣಿ ಬಡಿದು ಮುಚ್ಚುವುದು ಇನ್ನೊಂದು ಅತಿ. ಕೋಳಿಗೆ ಬೆವರುಗ್ರಂಥಿಯಿಲ್ಲ, ಬಾಯ್ತೆರೆದು ಏದುಸಿರು ಬಿಟ್ಟೇ ಮೈ ತಂಪಾಗಿಸಿಕೊಳ್ಳಬೇಕು. ರಾಯಚೂರಿನ ಏಪ್ರಿಲ್‌ನಲ್ಲಿ ಮುಚ್ಚಿದ ತಗಡಿನ ಪೆಟ್ಟಿಗೆ ಒಲೆಯಾಗುತ್ತದೆ. ಕರಾವಳಿಯ ಆಷಾಢದಲ್ಲಿ ಅದೇ ಪೆಟ್ಟಿಗೆಯೊಳಗೆ ನೆನೆದ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ, ಶ್ವಾಸಕೋಶ ಕೆಡುತ್ತದೆ. ಹಲ್ಲು, ಉಗುರು ಹೋಗದಂತೆ, ಗಾಳಿ ಮಾತ್ರ ಹೋಗುವಂತೆ ಇರುವುದು ಅರ್ಧ ಇಂಚಿನ ಆ ಕಣ್ಣೇ. ಬಿಸಿಗಾಳಿ ಮೇಲೇರಿ ಹೊರಹೋಗಲು ಸೂರಿನ ಕೆಳಗೆ ಉದ್ದಕ್ಕೂ ಬಲೆ ಬಿಡಬೇಕು, ಎರಚಲು ತಡೆಯಲು ಮಾಡು ಚಾಚಬೇಕು, ನೆಲಕ್ಕೆ ಎರಡು ಮೂರು ಇಂಚು ಭತ್ತದ ಹೊಟ್ಟು ಹರಡಿ ಆಗಾಗ ಕೆದಕಬೇಕು.

ಖರ್ಚಿನ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ; ವೆಲ್ಡ್ ಮೆಶ್ ದುಬಾರಿಯೇ. ಆದರೆ ಕಡಿತ ಮಾಡಬೇಕಾದದ್ದು ಬಲೆಯ ಗುಣದಲ್ಲಿ ಅಲ್ಲ, ಕೋಳಿಗಳ ಸಂಖ್ಯೆಯಲ್ಲಿ. ಆರು ನಾಟಿ ಕೋಳಿಗೆ 4 ಅಡಿ ಉದ್ದ, 3 ಅಡಿ ಅಗಲದ ಗೂಡು, ಕೂರಲು ತಲಾ ಎಂಟು ಇಂಚು ಸಿಗುವ ಅಡ್ಡಗೋಲು, ಮೊಟ್ಟೆಗೆ ಎರಡು ಪೆಟ್ಟಿಗೆ ಸಾಕು. ಅಡ್ಡಗೋಲು ಪೆಟ್ಟಿಗೆಗಿಂತ ಎತ್ತರದಲ್ಲಿರಲಿ, ಇಲ್ಲವಾದರೆ ಕೋಳಿ ಪೆಟ್ಟಿಗೆಯಲ್ಲೇ ಮಲಗಿ ಮೊಟ್ಟೆಯನ್ನು ಹೊಲಸು ಮಾಡುತ್ತದೆ. ಅಂಗಳ ತಲಾ 10 ಚದರಡಿ ಇದ್ದರೆ ಆಯಿತು. ಕೂಡಿಹಾಕಿದ ಕೋಳಿ ನಾಟಿಯಾಗಿ ಉಳಿಯದು ಎಂಬ ರುಚಿಯ ವಾದಕ್ಕೆ ಉತ್ತರ, ಮನೆಯವರು ಹಿತ್ತಲಲ್ಲಿರುವ ಸಂಜೆಯ ಹೊತ್ತು ಅದನ್ನು ಹೊರಬಿಡುವುದು.

ಗೂಡು ತಡೆಯಲಾರದ್ದು ಕೊಕ್ಕರೆ ರೋಗವನ್ನು, ಅಂದರೆ ರಾಣಿಖೇತವನ್ನು. ಮೊದಲ ವಾರದ ಲಸೋಟಾ ಲಸಿಕೆಯ ಹನಿ, ಎಂಟನೇ ವಾರದ ಹೊತ್ತಿನ ಆರ್‌2ಬಿ ಚುಚ್ಚುಮದ್ದು ಅದಕ್ಕಿರುವ ದಾರಿ. ಮರದಲ್ಲಿ ಮಲಗಿದ ಕೋಳಿಯನ್ನು ಹಿಡಿದು ಚುಚ್ಚುವವರಾರು? ಗೂಡಿನದಾದರೆ, ಬೆಳಿಗ್ಗೆ ಹೊರಬಿಡುವ ಮೊದಲು ಅಡ್ಡಗೋಲಿನಿಂದ ಒಂದೊಂದನ್ನೇ ಎತ್ತಿಕೊಂಡರಾಯಿತು.