ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ

ತುಮಕೂರು ಜಿಲ್ಲೆಯ ನಕ್ಷೆಯನ್ನು ಎದುರಿಗಿಟ್ಟುಕೊಂಡು ನೋಡಿ. ಪಾವಗಡ ತಾಲ್ಲೂಕು ಜಿಲ್ಲೆಯಿಂದ ಕಳಚಿಕೊಂಡು ಆಂಧ್ರದ ಮಡಿಲಿಗೆ ಬಿದ್ದಂತೆ ಕಾಣುತ್ತದೆ. ಮಳೆ ಕಡಿಮೆ, ಬಂಡೆಗಲ್ಲಿನ ನೆಲ, ಬಂದರೆ ಕಡಲೆಕಾಯಿ ಬೆಳೆ. ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು. ಈ ತಾಲ್ಲೂಕಿನ ಕೃಷ್ಣಾಪುರದಲ್ಲಿ 1920ರಲ್ಲಿ ಹುಟ್ಟಿದ ನರಸಮ್ಮ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹನ್ನೆರಡನೆಯ ವಯಸ್ಸಿಗೆ ಅಂಜಿನಪ್ಪನವರೊಂದಿಗೆ ಮದುವೆಯಾಯಿತು. ಹೊಟ್ಟೆಪಾಡಿಗೆ ಹೊಲಗದ್ದೆಗಳ ಕೂಲಿ. ಹೆತ್ತದ್ದು 12 ಮಕ್ಕಳನ್ನು. ಅವರಲ್ಲಿ ನಾಲ್ವರು ಎಳವೆಯಲ್ಲೇ ತೀರಿಕೊಂಡರು.

ನರಸಮ್ಮನವರ ಅಜ್ಜಿ ಮರಿಗೆಮ್ಮ ಸೂಲಗಿತ್ತಿ. ಮೊಮ್ಮಗಳ ಐದು ಹೆರಿಗೆಗಳನ್ನು ಮಾಡಿಸಿದವರು ಆಕೆಯೇ. ಅಜ್ಜಿಯ ಕೈಕೆಳಗೆ ನೋಡಿ ಕಲಿತ ನರಸಮ್ಮ, ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ, 1940ರಲ್ಲಿ, ಚಿಕ್ಕಮ್ಮನ ಹೆರಿಗೆಗೆ ನೆರವಾದರು. ಊರಿಗೆ ಬರುತ್ತಿದ್ದ ಅಲೆಮಾರಿ ಜನರಿಂದ ಬಸುರಿ-ಬಾಣಂತಿಯರಿಗೆ ಕೊಡುವ ನಾರುಬೇರಿನ ಮದ್ದುಗಳನ್ನು ತಿಳಿದುಕೊಂಡರು. ಊರವರು ದೂರವಿಡುತ್ತಿದ್ದ ಅಲೆಮಾರಿಗಳ ಹತ್ತಿರ ಕೂತು ಮಾತಾಡಿ ವಿದ್ಯೆ ಪಡೆಯುವುದು ಎಲ್ಲರಿಂದ ಆಗುವ ಕೆಲಸವಲ್ಲ. ಅದಕ್ಕೆ ಜನರೊಂದಿಗೆ ಬೆರೆಯುವ ಗುಣ ಬೇಕು.

ಅಲ್ಲಿಂದ ಮುಂದೆ ಸುಮಾರು 70 ವರ್ಷ ಅವರು ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚು ಎನ್ನುತ್ತಾರೆ. ಇದಕ್ಕೆ ಅವರು ಹಣ ತೆಗೆದುಕೊಳ್ಳುತ್ತಿರಲಿಲ್ಲ. ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. 70 ವರ್ಷವೆಂದರೆ 25,550 ದಿನ. ಹದಿನೈದು ಸಾವಿರವನ್ನು ಅದರಿಂದ ಭಾಗಿಸಿದರೆ ಹತ್ತು ದಿನಕ್ಕೆ ಸುಮಾರು ಆರು ಹೆರಿಗೆ! ಸೂಲಗಿತ್ತಿಯ ಮನೆಯಲ್ಲಿ ರಿಜಿಸ್ಟರ್ ಎಲ್ಲಿರುತ್ತದೆ? ಸಂಖ್ಯೆಯನ್ನು ಯಾರೂ ಒಂದೊಂದಾಗಿ ಎಣಿಸಿ ಬರೆದಿಟ್ಟದ್ದಲ್ಲ. ಅರ್ಧಕ್ಕೆ ಇಳಿಸಿದರೂ ಹತ್ತು ದಿನಕ್ಕೆ ಮೂರು ಬಾರಿ ಯಾರೋ ಬಂದು ಬಾಗಿಲು ತಟ್ಟಿದಂತಾಯಿತು. ನೋವು ಹಗಲು-ರಾತ್ರಿ ನೋಡಿ ಬರುವುದಿಲ್ಲ. ರಾತ್ರಿಯೆಲ್ಲ ಬಾಣಂತಿಯ ಪಕ್ಕದಲ್ಲಿ ಕೂತವರಿಗೆ ಬೆಳಗಾದರೆ ಕೂಲಿ ಕೆಲಸ, ಮನೆಯಲ್ಲಿ ಸ್ವಂತ ಮಕ್ಕಳ ಗಂಜಿ.

ನರಸಮ್ಮನವರ ಬಳಿ ಇದ್ದ ಮುಖ್ಯ ಉಪಕರಣ ಅವರ ಕೈ. ಹೊಟ್ಟೆಯ ಮೇಲೆ ಕೈಯಾಡಿಸಿ ಕೂಸಿನ ತಲೆ ಎತ್ತ ಇದೆ, ನಾಡಿ ಹೇಗೆ ಬಡಿಯುತ್ತಿದೆ ಎಂದು ಹೇಳಬಲ್ಲವರೆಂದು ಹೆಸರಾಗಿದ್ದರು. ಇದರಲ್ಲಿ ಪವಾಡವೇನೂ ಇಲ್ಲ. ಇಂದಿಗೂ ವೈದ್ಯಕೀಯ ವಿದ್ಯಾರ್ಥಿಗಳು ಬಸುರಿಯ ಹೊಟ್ಟೆಯನ್ನು ನಾಲ್ಕು ಹಂತಗಳಲ್ಲಿ ಕೈಯಿಂದ ಮುಟ್ಟಿ ನೋಡಲು ಕಲಿಯುತ್ತಾರೆ. ಗರ್ಭಕೋಶದ ಮೇಲ್ಭಾಗದಲ್ಲಿ ಮೆತ್ತಗೆ ಸಿಕ್ಕಿದರೆ ಅದು ಕೂಸಿನ ಅಂಡು, ಗಟ್ಟಿಯಾಗಿ ಗುಂಡಗೆ ಸಿಕ್ಕಿದರೆ ತಲೆ. ಒಂದು ಪಕ್ಕ ನಯವಾಗಿ ಉದ್ದಕ್ಕಿದ್ದರೆ ಬೆನ್ನು, ಇನ್ನೊಂದು ಪಕ್ಕದ ಗಂಟುಗಂಟು ಕೈಕಾಲು. ಜರ್ಮನಿಯ ವೈದ್ಯ ಲಿಯೋಪೋಲ್ಡ್ ಹೆಸರಿನಲ್ಲಿ ಇದು ಪುಸ್ತಕ ಸೇರಿದೆ. ಕೂಸಿನ ಗುಂಡಿಗೆ ನಿಮಿಷಕ್ಕೆ 110ರಿಂದ 160 ಬಾರಿ ಬಡಿಯುತ್ತದೆ, ಅಂದರೆ ತಾಯಿಯದಕ್ಕಿಂತ ಬಹಳ ಬೇಗ. ಸಾವಿರಾರು ಹೊಟ್ಟೆಗಳನ್ನು ಮುಟ್ಟಿದ ಕೈ ಪುಸ್ತಕವಿಲ್ಲದೆಯೂ ಎಷ್ಟೋ ಸಂಗತಿಗಳನ್ನು ಕಲಿಯುತ್ತದೆ.

ಇನ್ನು ಮಾತು. ಸೂಲಗಿತ್ತಿಯಾದವಳು ಒಳಗೆ ಬಂದ ಕೂಡಲೇ ಅರ್ಧ ನೋವು ಇಳಿಯಿತು ಎಂದು ಹಳ್ಳಿಯ ಹಿರಿಯ ಹೆಂಗಸರು ಹೇಳುವುದುಂಟು. ಇದನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ಹೆದರಿಕೆಯಿಂದ ದೇಹದಲ್ಲಿ ಅಡ್ರಿನಲಿನ್ ಏರಿದರೆ ಹೆರಿಗೆಯ ನೋವು ಹಿಂದೆಗೆಯಬಹುದು. ಗರ್ಭಕೋಶವನ್ನು ಕುಗ್ಗಿಸುವ ಆಕ್ಸಿಟೋಸಿನ್‌ಗೆ ನೆಮ್ಮದಿಯ ವಾತಾವರಣ ಬೇಕು. ಹೆರಿಗೆಯ ಉದ್ದಕ್ಕೂ ಒಬ್ಬರು ಜೊತೆಗಿದ್ದು ಧೈರ್ಯ ಹೇಳಿದರೆ ನೋವಿನ ಅವಧಿ ತಗ್ಗುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯೊಳಗೆ ಜೊತೆಗಾತಿಯೊಬ್ಬಳನ್ನು ಬಿಡಬಹುದೆಂದು ನಮ್ಮ ಕೇಂದ್ರ ಸರ್ಕಾರ ಹೇಳಿದ್ದು 2016ರಷ್ಟು ಈಚೆಗೆ. ಕೃಷ್ಣಾಪುರದಂಥ ಊರುಗಳಲ್ಲಿ ಆ ಜೊತೆ ಮೊದಲಿನಿಂದಲೂ ಇತ್ತು.

ಹಾಗೆಂದು ಹಳೆಯ ಕಾಲವೇ ಚೆನ್ನಾಗಿತ್ತು ಎನ್ನಬೇಡಿ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿದುಬರುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯದಿದ್ದರೆ ಕೆಲವೇ ಗಂಟೆಗಳಲ್ಲಿ ತಾಯಿಯ ಪ್ರಾಣ ಹೋಗಬಹುದು. ಆಗ ಬೇಕಾಗುವುದು ಇಂಜೆಕ್ಷನ್, ಬಾಟಲಿ ರಕ್ತ, ವೈದ್ಯರು. ಎಂಥ ಪಳಗಿದ ಕೈಯೂ ಅದಕ್ಕೆ ಬದಲಿಯಲ್ಲ. ಶುಚಿಯಿಲ್ಲದ ಚಾಕುವಿನಿಂದ ಹೊಕ್ಕುಳಬಳ್ಳಿ ಕತ್ತರಿಸಿ ಧನುರ್ವಾಯುವಿಗೆ ಬಲಿಯಾದ ಕೂಸುಗಳೆಷ್ಟೋ. ಮಣ್ಣಿನಲ್ಲಿರುವ ಆ ರೋಗಾಣು ಕಣ್ಣಿಗೆ ಕಾಣುವುದಿಲ್ಲ. ತಾಯಂದಿರಿಗೆ ಕೊಟ್ಟ ಚುಚ್ಚುಮದ್ದು ಮತ್ತು ಶುಚಿಯಾದ ಹೆರಿಗೆಗಳಿಂದ ನಮ್ಮ ದೇಶ 2015ರಲ್ಲಿ ಆ ಪಿಡುಗನ್ನು ಹತ್ತಿಕ್ಕಿತು. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಹೆರಿಗೆಗಳಿಗೆ 2001-03ರಲ್ಲಿ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿದಿತ್ತು. ಆಸ್ಪತ್ರೆಯ ಹೆರಿಗೆಗೆ ಇದರಲ್ಲಿ ದೊಡ್ಡ ಪಾಲಿದೆ. ಇಂದು ಮನೆಯಲ್ಲಿ ಹೆರಿಗೆ ಮಾಡಿಸಲು ಹೊರಟವರಿಗೆ ನರಸಮ್ಮನವರ ಹೆಸರು ನೆಪವಾಗಕೂಡದು.

ಆದರೆ 1940ರಲ್ಲಿ ಪಾವಗಡದ ಹಳ್ಳಿಯೊಂದರ ಬಸುರಿಗೆ ಆಸ್ಪತ್ರೆಯೋ ಮನೆಯೋ ಎಂಬ ಆಯ್ಕೆ ಇರಲಿಲ್ಲ. ಇದ್ದದ್ದು ಸೂಲಗಿತ್ತಿ, ಇಲ್ಲವೇ ಯಾರೂ ಇಲ್ಲ. ತನ್ನ ನಾಲ್ಕು ಮಕ್ಕಳನ್ನು ಮಣ್ಣಿಗಿಟ್ಟ ಹೆಂಗಸು ಮರುದಿನ ಇನ್ನೊಬ್ಬಳ ಕೂಸನ್ನು ಕೈಯಲ್ಲಿ ಹಿಡಿಯಲು ಎದ್ದು ಹೋಗುವುದೆಂದರೇನು? ಕೂಲಿಯವರ ಮನೆಗಳಲ್ಲಿ ದುಃಖಕ್ಕೆ ರಜೆ ಇರುವುದಿಲ್ಲ.

ಗೌರವಗಳು ಬಂದದ್ದು ತೊಂಬತ್ತು ದಾಟಿದ ಮೇಲೆ. 2012ರಲ್ಲಿ ರಾಜ್ಯ ಸರ್ಕಾರದ ದೇವರಾಜ ಅರಸು ಪ್ರಶಸ್ತಿ, 2014ರಲ್ಲಿ ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 2018ರಲ್ಲಿ ಪದ್ಮಶ್ರೀ. ಅಕ್ಷರ ಕಲಿಯದ ಕೂಲಿ ಹೆಂಗಸು ಡಾ. ನರಸಮ್ಮ ಆದರು. ಅವರಿಗೆ ಪದ್ಮಶ್ರೀ ಬಂದ ವರ್ಷವೇ ಪಾವಗಡದ ಬಿಸಿಲು ನೆಲದಲ್ಲಿ ದೊಡ್ಡ ಸೋಲಾರ್ ಪಾರ್ಕ್ ಉದ್ಘಾಟನೆಯಾಗಿ ತಾಲ್ಲೂಕಿನ ಹೆಸರು ಪತ್ರಿಕೆಗಳಲ್ಲಿ ಓಡಾಡಿತು. ತಮಗೆ ತಿಳಿದದ್ದನ್ನು ನರಸಮ್ಮ ಬಚ್ಚಿಟ್ಟುಕೊಳ್ಳದೆ ಬೇರೆ ಹೆಂಗಸರಿಗೂ ಹೇಳಿಕೊಟ್ಟರು. ಈ ಪ್ರಶಸ್ತಿಗಳಿಗಿಂತ ಇದನ್ನೇ ದೊಡ್ಡದೆನ್ನಬೇಕು. ಎಷ್ಟೋ ನಾಟಿ ಮದ್ದುಗಳು, ಕೈಚಳಕಗಳು ಗುಟ್ಟಾಗಿಯೇ ಉಳಿದು ಬಲ್ಲವರೊಂದಿಗೆ ಮಣ್ಣಾಗಿವೆ.

ಮುಪ್ಪಿನಲ್ಲಿ ಶ್ವಾಸಕೋಶದ ಕಾಯಿಲೆ ಅವರನ್ನು ಕಾಡಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ನರಸಮ್ಮ 2018ರ ಡಿಸೆಂಬರ್ 25ರಂದು ತಮ್ಮ 98ನೆಯ ವಯಸ್ಸಿನಲ್ಲಿ ಕೊನೆಯುಸಿರೆಳೆದರು. 1940ರಲ್ಲಿ ಅವರ ಕೈಗೆ ಬಂದ ಚಿಕ್ಕಮ್ಮನ ಕೂಸಿನ ಓರಗೆಯವರಿಗೆ ಆಗ 78 ವರ್ಷ. ಅವರು ಕೊನೆಕೊನೆಗೆ ಹಿಡಿದ ಮಕ್ಕಳು ಇನ್ನೂ ಶಾಲೆಯ ಬೆಂಚಿನ ಮೇಲಿದ್ದರು.