ಉದ್ದ ಕೂದಲಿನ ನಾಯಿ: ಬೋಳಿಸಬೇಡಿ, ಬುಡದವರೆಗೆ ಬಾಚಿ

ತೋಟ ಇದ್ದಲ್ಲಿ ನಾಯಿ ಇದ್ದೇ ಇರ್ತದೆ. ಮಂಗ ಬಂದರೂ ಕಾಡುಹಂದಿ ಬಂದರೂ ಮೊದಲು ಗೊತ್ತಾಗೋದು ಅದಕ್ಕೇ. ಹಿಂದೆ ಊರ ನಾಯಿಯನ್ನೇ ಸಾಕುತ್ತಿದ್ದ ಮನೆಗಳಿಗೆ ಈಗ ಪಾಮೇರಿಯನ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್ ಬಂದಿವೆ. ಮರಿ ತರುವಾಗ ಊಟದ ಬಗ್ಗೆ ಕೇಳ್ತೇವೆ, ಚುಚ್ಚುಮದ್ದಿನ ಬಗ್ಗೆ ಕೇಳ್ತೇವೆ. ಕೂದಲಿನ ಬಗ್ಗೆ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ನಮ್ಮ ಮನೆಯ ನಾಯಿ ಬೆಳ್ಳಿ, ಬಿಳಿ ಪಾಮೇರಿಯನ್. (ನಮ್ಮ ಕಡೆ ಪಾಮೇರಿಯನ್ ಅಂತ ಕರೆಯುವ ಹೆಚ್ಚಿನ ನಾಯಿಗಳು ನಿಜವಾಗಿ ಇಂಡಿಯನ್ ಸ್ಪಿಟ್ಜ್ ತಳಿಯವು. ಆರೈಕೆ ಎರಡಕ್ಕೂ ಒಂದೇ.) ದಿನಾ ಸಂಜೆ ಐದು ನಿಮಿಷ ಬೆನ್ನ ಮೇಲೆ ಬ್ರಷ್ ಆಡಿಸ್ತಿದ್ದೆ. ನೋಡಲಿಕ್ಕೆ ಹತ್ತಿಯ ಉಂಡೆ ಹಾಗೆ ಇತ್ತು. ಎರಡು ವರ್ಷದ ಹಿಂದೆ, ಆಗಸ್ಟ್ ಮಳೆಯಲ್ಲಿ, ಅದು ಕಿವಿಯ ಹಿಂದೆ ಬಿಡದೆ ಕೆರೆದುಕೊಳ್ಳಲಿಕ್ಕೆ ಶುರು ಮಾಡಿತು. ಹತ್ತಿರ ಹೋದರೆ ಕೊಳೆತ ವಾಸನೆ. ಪಶುವೈದ್ಯರು ಅಲ್ಲಿನ ಕೂದಲು ತೆಗೆದು ನೋಡಿದರೆ, ಗಂಟುಕಟ್ಟಿದ ಕೂದಲಿನ ಅಡಿಯಲ್ಲಿ ಚರ್ಮ ಬೆಂದಂತೆ ಆಗಿ ಹುಳ ಬಿದ್ದಿತ್ತು. “ಇನ್ನೆರಡು ದಿನ ಬಿಟ್ಟಿದ್ರೆ ಕಿವಿಯ ಒಳಗೇ ಹೋಗ್ತಿತ್ತು” ಅಂದರು.

“ದಿನಾ ಬಾಚ್ತೇನಲ್ಲ ಸಾರ್” ಅಂದೆ. “ಮೇಲೆ ಬಾಚ್ತೀರಿ, ಬುಡ ಬಾಚಿಲ್ಲ” ಅಂದರು. ಈ ಲೇಖನ ಆ ಒಂದು ಮಾತಿನ ವಿವರಣೆ.

ಎರಡು ಪದರದ ಕೂದಲು ಅಂದರೆ ಏನು?

ಮುಧೋಳ ನಾಯಿಯ ಮೈ ಮುಟ್ಟಿ ನೋಡಿ. ಗಿಡ್ಡ, ನುಣುಪು ಕೂದಲು, ಕೆಳಗೇ ಚರ್ಮ. ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಸಾಕು. ಸ್ಪಿಟ್ಜ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್, ಹಸ್ಕಿ, ಹಿಮಾಲಯದ ಕಡೆಯ ಕುರಿನಾಯಿ, ಇವು ಹಾಗಲ್ಲ. ಮೇಲೆ ಉದ್ದನೆಯ, ಸ್ವಲ್ಪ ಒರಟಾದ ಕೂದಲು. ಅದು ಮಳೆ, ಬಿಸಿಲು, ಮುಳ್ಳು ತಡೆಯುತ್ತದೆ. ಅದರ ಅಡಿಯಲ್ಲಿ ಹತ್ತಿಯಂಥ ಮೆತ್ತನೆಯ, ದಟ್ಟವಾದ ಒಳಪದರ. ಚಳಿ ತಡೆಯುವುದು ಅದು.

ಒಳಪದರದ ಕೂದಲು ಕಾಲಕಾಲಕ್ಕೆ ಉದುರುತ್ತದೆ. ಹೆಚ್ಚಾಗಿ ಚಳಿ ಮುಗಿದು ಬೇಸಿಗೆ ಬರುವಾಗ ಒಮ್ಮೆ, ಮತ್ತೆ ಚಳಿಗೆ ಮೊದಲು ಒಮ್ಮೆ ರಾಶಿ ರಾಶಿ ಬರುತ್ತದೆ. ನಮ್ಮಲ್ಲಿ ಚಳಿ–ಬೇಸಿಗೆಯ ಅಂತರ ಕಡಿಮೆ, ಹಾಗಾಗಿ ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರುವುದೂ ಸಹಜ. ಹೆಣ್ಣುನಾಯಿ ಮರಿ ಹಾಕಿದ ಮೇಲೂ ಜೋರಾಗಿ ಉದುರುತ್ತದೆ. ತೊಂದರೆ ಏನೆಂದರೆ, ಉದುರಿದ ಒಳಕೂದಲು ಕೆಳಗೆ ಬೀಳದೆ ಮೇಲಿನ ಉದ್ದ ಕೂದಲಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಮಣ್ಣು, ನೀರು, ಎಣ್ಣೆಯಂಶ ಸೇರಿ ಕಂಬಳಿಯ ಹಾಗೆ ಗಟ್ಟಿಯಾಗುತ್ತದೆ. ಗಾಳಿ ಆಡುವುದಿಲ್ಲ, ಒದ್ದೆಯಾದರೆ ಒಣಗುವುದಿಲ್ಲ. ನೊಣಕ್ಕೆ ಮೊಟ್ಟೆ ಇಡಲು ಅಂಥ ಜಾಗವೇ ಬೇಕು.

ಹಾಗಾದರೆ ಬೋಳಿಸಿಬಿಟ್ಟರೆ?

ಬೆಳ್ಳಿಯ ಗಾಯ ನೋಡಿ ಅಪ್ಪ ಹೇಳಿದ್ದೂ ಅದೇ: “ಇಡೀ ಮೈ ಬೋಳ್ಸಿಬಿಡು ಮಾರಾಯ, ಆರಾಮಾಗಿರ್ತದೆ.” ಏಪ್ರಿಲ್ ಬಂದರೆ ಬಹಳ ಜನ ಹೀಗೇ ಯೋಚಿಸ್ತಾರೆ. ನಮಗೆ ಸೆಕೆ ಆದಾಗ ಅಂಗಿ ತೆಗೆದ ಹಾಗೆ ನಾಯಿಗೂ ಅಂತ. ಆದರೆ ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅದು ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ನಾಲಿಗೆ ಚಾಚಿ ತೇಕುವುದರಿಂದ. ಕೂದಲು ಬೋಳಿಸಿದರೆ ಬೆವರು ಆರುವ ಲಾಭ ಇಲ್ಲ, ಬದಲಿಗೆ ಬಿಸಿಲು ನೇರ ಚರ್ಮಕ್ಕೆ ಹೊಡೆಯುತ್ತದೆ. ಬಿಳಿ ನಾಯಿಯ ಚರ್ಮ ಬೇಗ ಸುಡುತ್ತದೆ.

ಎರಡನೆಯದು, ಬೋಳಿಸಿದ ಮೇಲೆ ಒಳಪದರ ಬೇಗ ಬೆಳೆಯುತ್ತದೆ, ಮೇಲಿನ ಕೂದಲು ನಿಧಾನ. ತಿಂಗಳುಗಟ್ಟಲೆ ಮೈ ತೇಪೆ ತೇಪೆಯಾಗಿ ಕಾಣುತ್ತದೆ. ಕೆಲವು ನಾಯಿಗಳಲ್ಲಿ ಮೇಲಿನ ಕೂದಲು ಮೊದಲಿನಂತೆ ಬರುವುದೇ ಇಲ್ಲ.

ತೋಟದವರಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ, ಇದು ಬುಡದ ಮುಚ್ಚಿಗೆಯ ಹಾಗೆ. ಸಡಿಲವಾಗಿದ್ದರೆ ಬಿಸಿಲಿನಿಂದ ಕಾಪಾಡುತ್ತದೆ. ಒದ್ದೆಯಾಗಿ ಅಂಟಿಕೊಂಡರೆ ಬುಡ ಕೊಳೆಯುತ್ತದೆ. ಆಗ ಮುಚ್ಚಿಗೆಯನ್ನೇ ಕಿತ್ತೆಸೆಯುವುದಿಲ್ಲ, ಬಿಡಿಸಿ ಗಾಳಿ ಆಡಿಸ್ತೇವೆ. ವೈದ್ಯರು ಬೆಳ್ಳಿಗೆ ಗಾಯದ ಸುತ್ತ ಮಾತ್ರ ಕೂದಲು ತೆಗೆದರು. ಗಾಯ, ಚರ್ಮರೋಗ, ಶಸ್ತ್ರಚಿಕಿತ್ಸೆ ಇದ್ದಾಗ ವೈದ್ಯರು ಹೇಳಿದಷ್ಟು ತೆಗೆಸಲೇಬೇಕು. ಪಾದದ ಬೆರಳುಗಳ ಮಧ್ಯೆ, ಬಾಲದ ಅಡಿ ಕೊಳೆ ಮೆತ್ತುವ ಜಾಗದಲ್ಲಿ ಸ್ವಲ್ಪ ಕತ್ತರಿಸುವುದೂ ತಪ್ಪಲ್ಲ.

ಬೇಕಾಗುವ ಸಾಮಾನು

1. ಸ್ಲಿಕರ್ ಬ್ರಷ್: ಚಪ್ಪಟೆ ಹಲಗೆಯಲ್ಲಿ ಸಣ್ಣ ಬಾಗಿದ ತಂತಿಗಳಿರುವ ಬ್ರಷ್.
2. ಸ್ಟೀಲ್ ಬಾಚಣಿಗೆ: ಅರ್ಧ ಅಗಲ ಹಲ್ಲು, ಅರ್ಧ ಒತ್ತು ಹಲ್ಲು ಇರುವಂಥದ್ದು.
3. ಅಂಡರ್‌ಕೋಟ್ ರೇಕ್: ಕುಂಟೆಯ ಹಲ್ಲಿನ ಹಾಗೆ ಇರುತ್ತದೆ. ಕೂದಲು ಉದುರುವ ಕಾಲಕ್ಕೆ ಮಾತ್ರ ಬೇಕು.
4. ತುದಿ ಮೊಂಡಾದ ಕತ್ತರಿ, ಸಣ್ಣ ಚಿಮುಟ, ಕೈಗವಸು.

ಎಲ್ಲ ಒಟ್ಟಿಗೆ ಕೊಳ್ಳಲು ಆಗದಿದ್ದರೆ ಮೊದಲು ಸ್ಟೀಲ್ ಬಾಚಣಿಗೆ ತಗೊಳ್ಳಿ. ಸುಳ್ಳು ಹೇಳದ ಸಾಧನ ಅದೊಂದೇ. ಬ್ರಷ್ ಗಂಟಿನ ಮೇಲೆ ಜಾರಿ ಹೋಗುತ್ತದೆ, ಬಾಚಣಿಗೆ ಅಲ್ಲೇ ನಿಲ್ಲುತ್ತದೆ.

ಬಾಚುವ ಕ್ರಮ

- ನಾಯಿ ದಣಿದು ಸಮಾಧಾನದಲ್ಲಿರುವ ಹೊತ್ತು ನೋಡಿ. ಮಲಗಿಸಿ ಮಾಡಿದರೆ ಸುಲಭ. ಮೊದಲ ವಾರ ಹತ್ತು ನಿಮಿಷ ಸಾಕು, ನಡುನಡುವೆ ತಿಂಡಿ ಕೊಡಿ.
- ಬ್ರಷ್‌ನ ಒತ್ತಡ ಮೊದಲು ನಿಮ್ಮ ಮುಂಗೈ ಮೇಲೆ ಪರೀಕ್ಷಿಸಿ. ನಿಮಗೆ ಗೀರಿದರೆ ಅದಕ್ಕೂ ಗೀರುತ್ತದೆ.
- ಹಿಂಗಾಲಿನಿಂದ ಶುರು ಮಾಡಿ. ಒಂದು ಕೈಯಿಂದ ಕೂದಲನ್ನು ಮೇಲಕ್ಕೆ ಎತ್ತಿ ಹಿಡಿಯಿರಿ. ಅಡಿಯಲ್ಲಿ ಬೈತಲೆಯ ಹಾಗೆ ಚರ್ಮದ ಗೆರೆ ಕಾಣಬೇಕು.
- ಆ ಗೆರೆಯಿಂದ ಕೂದಲಿನ ತುದಿಯ ಕಡೆಗೆ ಸ್ವಲ್ಪ ಸ್ವಲ್ಪವೇ ಕೆಳಕ್ಕೆ ಬಾಚಿ. ಆಮೇಲೆ ಒಂದು ಬೆರಳಿನಷ್ಟು ಮೇಲಿನ ಕೂದಲು ಬಿಡಿಸಿ, ಮತ್ತೆ ಗೆರೆ ಮಾಡಿ ಬಾಚಿ. ಹೀಗೆ ಸಾಲು ಸಾಲಾಗಿ ಬೆನ್ನಿನವರೆಗೆ ಹೋಗಿ.
- ಒಂದು ಭಾಗ ಮುಗಿದ ಮೇಲೆ ಬಾಚಣಿಗೆಯನ್ನು ಬುಡದಿಂದ ತುದಿಗೆ ಎಳೆಯಿರಿ. ಎಲ್ಲೂ ಸಿಕ್ಕದೆ ಬಂದರೆ ಆ ಭಾಗ ಮುಗಿಯಿತು.

ಕಿವಿಯ ಹಿಂದೆ, ಕುತ್ತಿಗೆ ಪಟ್ಟಿಯ ಅಡಿ, ಮುಂಗಾಲಿನ ಕಂಕುಳು, ತೊಡೆಯ ಹಿಂದಿನ ಜೊಂಪೆ, ಬಾಲದ ಬುಡ. ಗಂಟು ಹುಟ್ಟುವುದು ಈ ಐದು ಜಾಗದಲ್ಲೇ. ಹೊತ್ತಿಲ್ಲದ ದಿನ ಬೆನ್ನು ಬಿಡಿ, ಇವನ್ನು ಬಿಡಬೇಡಿ. ನಾನು ಮಾಡಿದ್ದು ತಿರುಗಾಮುರುಗಾ.

ಗಂಟು ಸಿಕ್ಕರೆ

ನೀರು ಹಾಕಬೇಡಿ, ಒದ್ದೆಯಾದರೆ ಇನ್ನೂ ಬಿಗಿಯುತ್ತದೆ. ಸ್ವಲ್ಪ ಕಾರ್ನ್‌ಫ್ಲೋರ್ ಉದುರಿಸಿ ಬೆರಳಿನಿಂದ ಬಿಡಿಸಿ. ಗಂಟಿನ ಬುಡವನ್ನು, ಚರ್ಮದ ಹತ್ತಿರ, ಒಂದು ಕೈಯಿಂದ ಹಿಡಿದುಕೊಳ್ಳಿ. ಆಗ ಎಳೆತದ ನೋವು ಚರ್ಮಕ್ಕೆ ತಾಗುವುದಿಲ್ಲ. ತುದಿಯಿಂದ ಶುರು ಮಾಡಿ ಬುಡದ ಕಡೆಗೆ ಬನ್ನಿ. ಬಿಡದಿದ್ದರೆ ಗಂಟು ಮತ್ತು ಚರ್ಮದ ನಡುವೆ ಬಾಚಣಿಗೆ ತೂರಿಸಿ, ಅದರ ಮೇಲೆ ಕತ್ತರಿ ಆಡಿಸಿ. ಬಾಚಣಿಗೆ ಇಲ್ಲದೆ ಕತ್ತರಿಸಿದರೆ ಚರ್ಮವೇ ಸೀಳಬಹುದು, ಗಂಟು ಅದನ್ನು ಮೇಲಕ್ಕೆ ಎಳೆದಿರುತ್ತದೆ. ಬಾಚಣಿಗೆ ತೂರದಷ್ಟು ಚರ್ಮಕ್ಕೆ ಅಂಟಿದ್ದರೆ ಮನೆಯಲ್ಲಿ ಪ್ರಯತ್ನ ಬೇಡ, ವೈದ್ಯರ ಹತ್ತಿರ ಹೋಗಿ.

ತೋಟದಿಂದ ಬಂದ ಮೇಲೆ: ಮುಳ್ಳು ಮತ್ತು ಉಣುಗು

ಉತ್ತರಾಣಿ ಬೀಜ ಕೂದಲಿಗೆ ಅಂಟಿದರೆ ಅದರ ಸುತ್ತಲೇ ಗಂಟು ಶುರು. ನೆಗ್ಗಿಲ ಮುಳ್ಳು ಪಾದಕ್ಕೆ ಚುಚ್ಚುತ್ತದೆ. ಹುಲ್ಲಿನ ಚೂಪು ತೆನೆ ಬೆರಳ ಸಂದಿ, ಕಿವಿಯೊಳಗೆ ಸೇರಿದರೆ ಕೀವಾಗುತ್ತದೆ. ದಿನಾ ಸಂಜೆ ಈ ಜಾಗಗಳಿಗೆ ಬೆರಳಾಡಿಸಿ.

ಉಣುಗು (ಕೆಲವು ಕಡೆ ಉಣ್ಣೆ ಅಂತಾರೆ) ಸಿಕ್ಕರೆ ಕೈಗವಸು ಹಾಕಿ, ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೇರವಾಗಿ ಎಳೆಯಿರಿ. ಉಗುರಲ್ಲಿ ಒರೆಯಬೇಡಿ, ಸ್ಪಿರಿಟ್ ಇರುವ ಡಬ್ಬಿಗೆ ಹಾಕಿ. ಕಚ್ಚಿಕೊಂಡಿರುವಾಗಲೇ ಸೀಮೆಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಮಲೆನಾಡಿನವರು ಇನ್ನೂ ಹುಷಾರಾಗಿರಬೇಕು. ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ. ಕಾಡಂಚಿಗೆ ಹೋಗಿಬಂದ ನಾಯಿ ಉಣುಗನ್ನು ಮನೆಗೆ ತರಬಹುದು.

ನಾನು ಸಾವಯವ ಕೃಷಿಕ. ಆದರೂ ಉಣುಗಿಗೆ ಬೇವಿನೆಣ್ಣೆ ಒಂದನ್ನೇ ನಂಬಿ ಕೂರುವುದಿಲ್ಲ, ವೈದ್ಯರು ಬರೆದ ಔಷಧಿಯನ್ನೇ ಹಾಕ್ತೇನೆ. ಬೆಳೆಗೆ ಹೊಡೆಯುವ ಕೀಟನಾಶಕ, ದನಕ್ಕೆ ತಂದ ಔಷಧಿಯನ್ನು ಅಂದಾಜಿನಲ್ಲಿ ಬೆರೆಸಿ ನಾಯಿಗೆ ಹಚ್ಚಬೇಡಿ. ಅದು ಮೈ ನೆಕ್ಕುತ್ತದೆ. ನಾಯಿಯ ಉಣುಗು ಗೋಡೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಅದಕ್ಕೇ ಗೂಡು ಮತ್ತು ಹಾಸಿಗೆಯನ್ನೂ ಸ್ವಚ್ಛ ಮಾಡಿ.

ಸ್ನಾನ

ಬಾಚದೆ ಸ್ನಾನ ಮಾಡಿಸಬೇಡಿ. ನಾಲ್ಕರಿಂದ ಆರು ವಾರಕ್ಕೊಮ್ಮೆ ಸಾಕು. ನಾಯಿಯ ಶಾಂಪೂ ಬಳಸಿ, ನಮ್ಮ ಸೋಪು ಅದರ ಚರ್ಮಕ್ಕೆ ಹೊಂದುವುದಿಲ್ಲ. ಶಾಂಪೂ ಪೂರ್ತಿ ಹೋಗುವವರೆಗೆ ತೊಳೆಯಿರಿ. ಆಮೇಲೆ ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಫ್ಯಾನಿನ ಕೆಳಗೆ ಬುಡದವರೆಗೆ ಒಣಗಿಸಿ. ಮೇಲೆ ಒಣಗಿದ ಹಾಗೆ ಕಂಡರೂ ಒಳಪದರ ಒದ್ದೆ ಇರುತ್ತದೆ. ಬೆರಳು ತೂರಿಸಿ ಮುಟ್ಟಿ ನೋಡಿ. ಬಿಡದೆ ಮಳೆ ಹೊಡೆಯುವಾಗ ಸ್ನಾನ ಮುಂದಕ್ಕೆ ಹಾಕುವುದೇ ಲೇಸು.

ಎಷ್ಟು ದಿನಕ್ಕೊಮ್ಮೆ?

- ದಿನಾ: ಆ ಐದು ಜಾಗ ಮತ್ತು ಪಾದ, ಐದು ನಿಮಿಷ.
- ವಾರಕ್ಕೆ ಎರಡು ಸಲ: ಇಡೀ ಮೈ ಬುಡದವರೆಗೆ, ಅರ್ಧ ಗಂಟೆ.
- ಕೂದಲು ಉದುರುವ ಕಾಲದಲ್ಲಿ: ದಿನ ಬಿಟ್ಟು ದಿನ, ರೇಕ್ ಬಳಸಿ.

ಬಾಚುವಾಗ ಕೆಂಪಾದ ಒದ್ದೆ ಗಾಯ, ದುಂಡಗೆ ಕೂದಲು ಹೋದ ಜಾಗ, ಕೆಟ್ಟ ವಾಸನೆ, ಹುಳ ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಿ. ಉಣುಗು ಇದ್ದ ನಾಯಿ ಊಟ ಬಿಟ್ಟು ಮಂಕಾಗಿ ಮಲಗಿದರೆ, ಒಸಡು ಬಿಳಿಚಿದರೆ, ಮೂಗಿನಲ್ಲಿ ರಕ್ತ ಬಂದರೆ ಅದು ಉಣುಗು ಜ್ವರ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ, ತಡ ಮಾಡಬೇಡಿ. ಹೋಗುವ ಮೊದಲು ಮೊಬೈಲಿನಲ್ಲಿ ಗಾಯದ ಫೋಟೋ ತೆಗೆದಿಟ್ಟುಕೊಳ್ಳಿ. ದಿನದಿಂದ ದಿನಕ್ಕೆ ಎಷ್ಟು ಹೆಚ್ಚಾಯಿತು ಅಂತ ವೈದ್ಯರಿಗೆ ತಿಳಿಯುತ್ತದೆ.

ಇನ್ನು ಬಾಚಿದ ಕೂದಲು. ಅದರಲ್ಲಿ ಸಾರಜನಕ ಚೆನ್ನಾಗಿದೆ, ಆದರೆ ಕೊಳೆಯುವುದು ಬಹಳ ನಿಧಾನ. ಗೊಬ್ಬರದ ಗುಂಡಿಗೆ ಒಂದೇ ಕಡೆ ರಾಶಿ ಹಾಕದೆ ತೆಳ್ಳಗೆ ಹರಡಿ. ಉಣುಗಿನ ಔಷಧಿ ಹಚ್ಚಿದ ಮೇಲಿನ ಕೂದಲನ್ನು ಮಾತ್ರ ಗುಂಡಿಗೆ ಹಾಕಬೇಡಿ.

ಬೆಳ್ಳಿಯ ಕಿವಿಯ ಹಿಂದಿನ ಗಾಯ ಮೂರು ವಾರದಲ್ಲಿ ಮಾಯಿತು. ಕೂದಲು ಪೂರ್ತಿ ಬರಲಿಕ್ಕೆ ವರ್ಷವೇ ಹಿಡಿಯಿತು. ಈಗಲೂ ಅಲ್ಲಿ ಬಾಚಣಿಗೆ ತಂದರೆ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ನಾನು ಕಾಯ್ತೇನೆ, ಒಂದು ಬಿಸ್ಕತ್ ಕೊಡ್ತೇನೆ, ಮತ್ತೆ ಅಲ್ಲಿಂದಲೇ ಶುರು ಮಾಡ್ತೇನೆ. ಇವತ್ತು ಸಂಜೆ ನಿಮ್ಮ ನಾಯಿಯ ಕಿವಿಯ ಹಿಂದೆಯೂ ಒಮ್ಮೆ ಬೆರಳು ತೂರಿಸಿ ನೋಡಿ. ಮುಂದಿನ ವಾರ ಮತ್ತೆ ತೋಟಕ್ಕೆ ಹೋಗೋಣ.